ಏಡಿ ಹಿಡಿಯೋಕೆ ಹೊರಟ್ರೆ ಮೊದಲು ಹಗ್ಗ ನೋಡಿ

ಏಡಿ ಹಿಡಿಯೋದು ಹೊಸದಾಗಿ ಶುರು ಮಾಡೋರು ಕೇಳೋದು ಒಂದೇ, ಯಾವ ಬೋನು ತಗೊಳ್ಳಲಿ ಅಂತ. ನಾನಂತೂ ಹಗ್ಗದಿಂದ ಶುರು ಮಾಡಿ ಅಂತೀನಿ. ನನ್ನ ಮೊದಲನೇ ಬೋನು ಹೋಗಿದ್ದೇ ಹಗ್ಗದಿಂದ. ನೀರು ಇಳಿದಿದ್ದಾಗ ಆಳ ನೋಡಿ, ಅಷ್ಟಕ್ಕೇ ಹಗ್ಗ ಕತ್ತರಿಸಿ, ಗುರುತಿಗೆ ನೀರಿನ ಮೇಲೆ ತೇಲೋ ಬೆಂಡು ಕಟ್ಟಿ ಬಿಟ್ಟು ಬಂದೆ, ನಾಲ್ಕು ಗಂಟೆ ಕಳೆದು ಹೋಗಿ ನೋಡ್ತೀನಿ, ಉಬ್ಬರ ಏರಿದೆ, ಬೆಂಡು ಎಲ್ಲೂ ಕಾಣ್ತಿಲ್ಲ. ಹಗ್ಗ ಸಾಲದೆ ಬೆಂಡು ನೀರೊಳಗೇ ಉಳಿದುಬಿಟ್ಟಿತ್ತು. ಮತ್ತೆ ನೀರು ಇಳಿಯೋವರೆಗೂ ಕಾದೆ, ಅಷ್ಟರಲ್ಲಿ ಸೆಳೆತ ಅದನ್ನ ಎತ್ತಲೋ ಎಳ್ಕೊಂಡು ಹೋಗಿತ್ತು, ಸಿಗಲೇ ಇಲ್ಲ.

ದುಡ್ಡು ಹೋಯ್ತು ಅನ್ನೋದು ಎರಡು ದಿನದ ಬೇಜಾರು, ಬಿಡಿ. ಆದ್ರೆ ಕಳೆದುಹೋದ ಬೋನು ತಳದಲ್ಲಿ ತನ್ನ ಕೆಲ್ಸ ಮುಂದುವರಿಸ್ತಾನೇ ಇರುತ್ತೆ. ಒಳಗೆ ಬಿದ್ದ ಏಡಿ ಹೊರಗೆ ಬರೋಕಾಗದೆ ಸಾಯುತ್ತೆ, ಅದರ ವಾಸನೆಗೆ ಇನ್ನೊಂದು ಬರುತ್ತೆ, ಅದೂ ಸಾಯುತ್ತೆ, ತಂತಿ ತುಕ್ಕು ಹಿಡಿದು ಮುರಿಯೋವರೆಗೂ ಇದೇ ಕಥೆ. ಇದು ಗೊತ್ತಾದ ಮೇಲೆ ನಾನು ಯಾವ ಸಾಮಾನು ತಗೊಂಡ್ರೂ ಕೇಳ್ಕೊಳ್ಳೋದು ಇಷ್ಟೇ, ಇದು ಕಳೆದುಹೋದ್ರೆ ಏನಾಗುತ್ತೆ? ಅದಕ್ಕೆ ಉತ್ತರ ಒಂದು ತುಂಡು ಹತ್ತಿ ದಾರ. ಬೋನಿನ ಮುಚ್ಚಳದ ಕೊಕ್ಕೆಯನ್ನ ನೈಲಾನ್ ಬದಲು ಲೇಪನ ಇಲ್ಲದ ಹತ್ತಿ ದಾರದಲ್ಲಿ ಕಟ್ಟಿ, ನೀರಲ್ಲೇ ಉಳಿದ್ರೆ ದಾರ ಕೊಳೆತು ಮುಚ್ಚಳ ಬಿಟ್ಕೊಳ್ಳುತ್ತೆ, ಏಡಿ ಎದ್ದು ಹೋಗುತ್ತೆ. ಕೆಲವು ಕಡೆ ಇದು ಕಾನೂನೇ, ಇಲ್ದಿದ್ರೂ ಕಟ್ಟಿ. ಹಾಗೇ ಬೋನಿನ ಪಕ್ಕದಲ್ಲಿ ಮರಿ ಏಡಿ ಹೊರಗೆ ನುಸುಳೋ ಅಷ್ಟು ದೊಡ್ಡ ರಿಂಗ್ ಕಿಂಡಿ ಇದ್ಯಾ ನೋಡ್ಕೊಳ್ಳಿ, ಅದಿಲ್ಲದ ಬೋನು ನಾನು ತಗೊಳ್ಳಲ್ಲ.

ಈಗ ಹಗ್ಗ. ಉಬ್ಬರ ಪೂರ್ತಿ ಏರಿದಾಗ ಎಷ್ಟು ಆಳ ಇರುತ್ತೋ ಅದಕ್ಕಿಂತ ಮೂರನೇ ಒಂದು ಪಾಲಾದ್ರೂ ಜಾಸ್ತಿ ಇರ್ಲಿ, ಸೆಳೆತ ಜೋರಿದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಹಗ್ಗ ನೆಟ್ಟಗೆ ನಿಲ್ಲಲ್ಲ, ಓರೆಯಾಗಿ ಎಳೆಯುತ್ತೆ. ಅಗ್ಗಕ್ಕೆ ಸಿಗೋ ಪಾಲಿಪ್ರೊಪಿಲೀನ್ ಹಗ್ಗ ನೀರಲ್ಲಿ ತೇಲುತ್ತೆ, ಸೆಳೆತ ನಿಂತಾಗ ಉಳಿದ ಹಗ್ಗ ಎಲ್ಲಾ ಮೇಲೆ ಹಾವಿನ ಥರ ಹರಡ್ಕೊಂಡು ಯಾವ್ದೋ ದೋಣಿಯ ಫ್ಯಾನಿಗೆ ಸುತ್ತಿ ಕತ್ತರಿಸಿಹೋಗುತ್ತೆ, ಅಲ್ಲಿಗೆ ಬೋನೂ ಹೋಯ್ತು. ನೈಲಾನ್ ಮುಳುಗುತ್ತೆ, ಒಳಗೆ ಸೀಸ ಸೇರಿಸಿರೋ ಹಗ್ಗ ಇನ್ನೂ ಒಳ್ಳೇದು. ಮನೇಲಿ ತೇಲೋ ಹಗ್ಗಾನೇ ಇದ್ರೆ ಬೆಂಡಿನಿಂದ ಎರಡು ಮೂರು ಮೀಟರ್ ಕೆಳಗೆ ಸಣ್ಣದೊಂದು ಭಾರ ಕಟ್ಟಿ. ತೀರಾ ತೆಳುವಾದ ಹಗ್ಗ ಬೇಡ, ಒದ್ದೆ ಕೈಲಿ ಎಳೆದಾಗ ಅಂಗೈ ಕೊಯ್ಯುತ್ತೆ.

ಬೋನೇ ಬೇಕಾ ಅನ್ನೋದು ನೀವು ಎಲ್ಲಿ ನಿಲ್ತೀರಿ, ಎಷ್ಟು ಹೊತ್ತು ಇರ್ತೀರಿ ಅನ್ನೋದ್ರ ಮೇಲೆ ಹೋಗುತ್ತೆ. ದೋಣಿ ಇದ್ದು, ಹಾಕಿ ಗಂಟೆಗಟ್ಟಲೆ ಬಿಟ್ಟು ಬರೋರಿಗೆ ಬೋನು ಸರಿ, ಭಾರವಾದದ್ದನ್ನೇ ತಗೊಳ್ಳಿ. ಮಡಚೋ ಬೋನು ಹೊರೋಕೆ ಸುಲಭ, ಆದ್ರೆ ಸೆಳೆತಕ್ಕೆ ಜರುಗುತ್ತೆ, ತಳಕ್ಕೆ ಕಬ್ಬಿಣದ ಸರಳು ಕಟ್ಟಲೇಬೇಕು. ಜೆಟ್ಟಿ ಮೇಲೆ ನಿಂತು ಹಿಡಿಯೋರಿಗೆ ನನ್ನ ಪ್ರಕಾರ ರಿಂಗ್ ಬಲೆಗಿಂತ ಒಳ್ಳೇದಿಲ್ಲ. ಎರಡು ಬಳೆ, ಮಧ್ಯೆ ಬಲೆ, ತಳ ಮುಟ್ಟಿದ ಕೂಡ್ಲೆ ಚಪ್ಪಟೆಯಾಗಿ ಮಲಗುತ್ತೆ, ಏಡಿ ನಾಲ್ಕೂ ಕಡೆಯಿಂದ ನಡ್ಕೊಂಡು ಬಂದು ಎರೆ ತಿನ್ನುತ್ತೆ, ಎಳೆದಾಗ ಬುಟ್ಟಿ ಆಗುತ್ತೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎತ್ತಬೇಕು, ಜಾಸ್ತಿ ಬಿಟ್ರೆ ತಿಂದು ಹೊರಟುಹೋಗುತ್ತೆ. ಎತ್ತೋವಾಗ ಮೊದಲು ಸಡಿಲ ಹಗ್ಗವನ್ನ ನಿಧಾನಕ್ಕೆ ಸುತ್ಕೊಳ್ಳಿ, ಭಾರ ಕೈಗೆ ತಾಗಿದ ಕ್ಷಣ ಒಂದೇ ಜಗ್ಗು ಜಗ್ಗಿ, ಆಮೇಲೆ ಕೈ ಮೇಲೆ ಕೈ ಹಾಕಿ ಎಲ್ಲೂ ನಿಲ್ಲಿಸದೆ ಎಳೀತಾ ಬನ್ನಿ. ಮಧ್ಯೆ ಒಂದು ಉಸಿರು ನಿಂತ್ರೂ ಮೇಲಿನ ಬಳೆ ಕುಸಿದು ಏಡಿ ಅಂಚು ಹತ್ತಿ ಇಳಿದುಬಿಡುತ್ತೆ, ಮೇಲಿನಿಂದ ನೋಡ್ತಾ ನಿಲ್ಲೋದಷ್ಟೇ.

ಬರೀ ದಾರಕ್ಕೆ ಎರೆ ಕಟ್ಟಿ ಹಿಡಿಯೋದು ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಅವಸರ ಮಾಡಿದ್ರೆ ಕೆಟ್ಟಿತು. ಏಡಿ ಹಿಡಿದಿರೋ ಎರೆಯನ್ನ ಅದಕ್ಕೆ ಗೊತ್ತೇ ಆಗದ ಹಾಗೆ ಎತ್ತಬೇಕು, ನೀರಿನ ಮೇಲೆ ಬರೋ ಮೊದಲೇ ಕೈಬಲೆ ಅಡಿಗೆ ಹಾಕ್ಬೇಕು, ಮೇಲೆ ಬಂದ್ರೆ ಬಿಟ್ಟುಬಿಡುತ್ತೆ. ಮಕ್ಕಳ ಜೊತೆ ಹೋಗೋರು ಇದರಿಂದಾನೇ ಶುರು ಮಾಡಿ.

ಎರೆಗೆ ಎಣ್ಣೆ ಅಂಶ ಇರೋ ಮೀನಿನ ತಲೆ ಸಾಕು, ವಾಸನೆ ನೀರಿನ ಜೊತೆ ಹರಿದು ದೂರದ ಏಡಿನ ಕರೀಬೇಕು. ಬೋನಿನ ಸರಿಯಾಗಿ ನಡುವೆ ಕಟ್ಟಿ, ಅಂಚಿಗೆ ಕಟ್ಟಿದ್ರೆ ಹೊರಗಿಂದಾನೇ ಕಿತ್ತು ತಿನ್ನುತ್ತೆ. ಗ್ಲೌಸ್ ದಪ್ಪದ್ದು ಇರ್ಲಿ, ಹಿಡಿಯೋದು ಹಿಂದಿನಿಂದ, ಅಷ್ಟು ಸಾಕು.

ಅಳತೆಪಟ್ಟಿ ಮಾತ್ರ ಮರೀಬೇಡಿ, ಕಣ್ಣಳತೆ ನಂಬಬೇಡಿ. ಅಳೆಯೋ ರೀತಿನೂ ಜಾತಿಗೊಂದು: ಅಮೆರಿಕಾದ ನೀಲಿ ಏಡಿನ ಚಿಪ್ಪಿನ ಎರಡು ತುದಿ ಮುಳ್ಳುಗಳ ನಡುವೆ ಅಳೀತಾರೆ, ಅಲ್ಲಿನ ಪಶ್ಚಿಮ ಕರಾವಳಿಯ ಡಂಜೆನೆಸ್ ಅನ್ನೋ ಏಡಿಗೆ ಆ ಮುಳ್ಳು ಲೆಕ್ಕಕ್ಕಿಲ್ಲ, ಅದರ ಮುಂದೆ ಅಳೀಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಮಣ್ಣೇಡಿ 15 ಸೆಂ.ಮೀ. ಅಗಲ ಇರ್ಬೇಕು, ಹೆಣ್ಣಾದ್ರೆ ಎಷ್ಟು ದೊಡ್ಡದಿದ್ರೂ ವಾಪಸ್ ಬಿಡ್ಬೇಕು. ನೀವು ಹೋಗೋ ಜಾಗದ ನಿಯಮ, ಲೈಸೆನ್ಸ್ ಮೊದಲೇ ನೋಡ್ಕೊಂಡು ಹೋಗಿ. ಗಂಡು ಹೆಣ್ಣು ಗೊತ್ತಾಗೋಕೆ ಹೊಟ್ಟೆ ಕಡೆ ತಿರುಗಿಸಿ, ಅಲ್ಲಿ ಮಡಚಿರೋ ಪಟ್ಟಿ ಗಂಡಿಗೆ ಕಿರಿದು, ಚೂಪು, ಬಲಿತ ಹೆಣ್ಣಿಗೆ ಅಗಲ. ಚಿಪ್ಪು ಒತ್ತಿದ್ರೆ ಬಗ್ಗೋ ಏಡಿ ಈಗಷ್ಟೇ ಪೊರೆ ಬಿಟ್ಟಿರೋದು, ಒಳಗೆ ಮಾಂಸ ತುಂಬಿರಲ್ಲ, ಬಿಟ್ಟುಬಿಡಿ, ಎಸೀಬೇಡಿ, ನೀರಿನ ಹತ್ತಿರ ಬಗ್ಗಿ ಬಿಡಿ.

ಇಟ್ಕೊಂಡಿದ್ದನ್ನ ನೀರು ತುಂಬಿದ ಬಕೆಟ್ಟಿಗೆ ಹಾಕೋದು ಎಲ್ರೂ ಮಾಡೋ ತಪ್ಪು. ಆ ಒಂಚೂರು ನೀರಲ್ಲಿರೋ ಆಮ್ಲಜನಕ ಬೇಗ ಮುಗಿದು ಏಡಿ ಉಸಿರುಗಟ್ಟಿ ಸಾಯುತ್ತೆ. ನೀರು ನಿಲ್ಲದ ಬುಟ್ಟಿ, ಮೇಲೆ ಒದ್ದೆ ಗೋಣಿಚೀಲ, ನೆರಳು, ಇಷ್ಟಿದ್ರೆ ಕಿವಿರು ಒಣಗದೆ ಗಂಟೆಗಟ್ಟಲೆ ಜೀವಂತ ಇರುತ್ತೆ. ಗೋಣಿ ಒಣಗ್ತಾ ಬಂದ್ರೆ ಅದೇ ಸಮುದ್ರದ ನೀರಲ್ಲಿ ಇನ್ನೊಂದ್ಸಲ ಅದ್ದಿ ಹೊದಿಸಿ.