ಬಾಯಿ ಕಟ್ಟಿದ್ದ ದಿನಗಳು

ಕೆಳದವಡೆಗೆ ಜೋರಾಗಿ ಪೆಟ್ಟು ಬಿದ್ದರೆ ಅದು ಎರಡು ಕಡೆ ಮುರಿಯುವುದು ಸಾಮಾನ್ಯ. ನನಗೂ ಹಾಗೇ ಆಯ್ತು. ಸಂಜೆ ಕತ್ತಲಲ್ಲಿ ಬಣ್ಣ ಬಳಿಯದ ಹಂಪ್ ಕಾಣಲಿಲ್ಲ. ಸ್ಕೂಟರಿನ ಹಿಂದೆ ಕೂತಿದ್ದ ನಾನು ಗದ್ದ ಊರಿ ಬಿದ್ದೆ. ಹೆಲ್ಮೆಟ್ ಇದ್ದುದರಿಂದ ತಲೆಗೆ ಏನೂ ಆಗಲಿಲ್ಲ. ಆದರೆ ಅದು ಗದ್ದ ಮುಚ್ಚುವ ಹೆಲ್ಮೆಟ್ ಅಲ್ಲ. ಎಡಗಡೆ ಗದ್ದದ ಪಕ್ಕ ಒಂದು ಮುರಿತ, ಬಲಕಿವಿಯ ಮುಂದೆ, ಕೀಲಿನ ಕೆಳಗೆ ಇನ್ನೊಂದು.

ಗದ್ದದ ಹತ್ತಿರದ ಮುರಿತಕ್ಕೆ ಬಾಯಿಯ ಒಳಗಿಂದಲೇ ಕೊಯ್ದು ಟೈಟಾನಿಯಂ ಪ್ಲೇಟು ಕೂರಿಸಿದರು. ಕೀಲಿನ ಕಡೆ ಕೈ ಹಾಕಲಿಲ್ಲ. ಹಲ್ಲುಸಾಲುಗಳಿಗೆ ಆರ್ಚ್ ಬಾರ್ ಅನ್ನುವ ಲೋಹದ ಪಟ್ಟಿ ಕಟ್ಟಿ, ಮೇಲಿನದನ್ನೂ ಕೆಳಗಿನದನ್ನೂ ತಂತಿಯಿಂದ ಬಿಗಿದರು. ಹಲ್ಲು ಕಚ್ಚಿಕೊಂಡ ಹಾಗೇ ಬಾಯಿ ನಿಂತಿತು. ಆಪರೇಷನ್ ಡಾಕ್ಟರ ಕೆಲಸ. ಅವರು ಅದನ್ನು ಚೆನ್ನಾಗಿ ಮಾಡಿದರು. ಮನೆಗೆ ಬಂದ ಮೇಲಿನ ಕೆಲಸ ಪೂರ್ತಿ ನನ್ನದು, ಅಮ್ಮನದು.

ಡಿಸ್ಚಾರ್ಜ್ ಆಗುವಾಗ ನರ್ಸ್ ಔಷಧದ ಚೀಲದ ಜೊತೆ ಒಂದು ತಂತಿ ಕತ್ತರಿಸುವ ಕಟ್ಟರ್ ಕೊಟ್ಟರು. ಉಸಿರು ಕಟ್ಟುವಂಥ ತುರ್ತು ಬಂದರೆ ಯಾವ ತಂತಿಗಳನ್ನು ಕತ್ತರಿಸಬೇಕು ಅಂತ ನನ್ನ ಗಂಡನಿಗೆ ಕನ್ನಡಿ ಹಿಡಿದು ತೋರಿಸಿದರು. ಮೊದಲ ರಾತ್ರಿಯೇ ಹೊಟ್ಟೆ ತೊಳಸಿತು. ಕಟ್ಟಿದ ಬಾಯಲ್ಲಿ ವಾಂತಿ ಬಂದರೆ ಏನು ಗತಿ ಅನ್ನುವ ಭಯ ಇದೆಯಲ್ಲ, ಅದು ನೋವಿಗಿಂತ ದೊಡ್ಡದು. ಗಂಡ ಕಟ್ಟರ್ ಹಿಡಿದು ಎದ್ದು ನಿಂತರು. ಅವರ ಕೈ ನಡುಗುತ್ತಿತ್ತು. ನರ್ಸ್ ಹೇಳಿದ್ದು ನೆನಪಿತ್ತು: ಮಲಗಿರಬೇಡಿ, ಎದ್ದು ಮುಂದಕ್ಕೆ ಬಾಗಿ, ತುಟಿ ಬಿಡಿಸಿ. ಹೊಟ್ಟೆಯಲ್ಲಿ ಇರುವುದೇ ನೀರಿನಂಥ ಆಹಾರ, ಅದು ಹಲ್ಲಿನ ಸಂದಿಯಿಂದ ಹೊರಗೆ ಹರಿಯುತ್ತದೆ. ಹಾಗೇ ಆಯ್ತು. ಕಟ್ಟರ್ ಬೇಕಾಗಲಿಲ್ಲ. ಮೂಗಲ್ಲಿ ನಿಧಾನವಾಗಿ ಉಸಿರಾಡುತ್ತಾ ಕೂತೆ. ಆಮೇಲೆ ಮೂರು ದಿಂಬು ಒರಗಿಸಿ ತಲೆ ಎತ್ತರ ಮಾಡಿಕೊಂಡೇ ಮಲಗಿದೆ. ಊತ ಕಮ್ಮಿಯಾಗಲಿಕ್ಕೂ ಅದೇ ಒಳ್ಳೆಯದು. ಕಟ್ಟರ್ ಮಾತ್ರ ಕೊನೆಯವರೆಗೂ ತಲೆಯ ಪಕ್ಕದಲ್ಲೇ ಇತ್ತು.

ಊತ ಎರಡನೇ, ಮೂರನೇ ದಿನಕ್ಕೆ ಜಾಸ್ತಿಯಾಗುತ್ತದೆ, ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದ ಮನೆಯವರು ಗಾಬರಿಯಾಗುತ್ತಾರೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಸ್ವಲ್ಪ ಹೊತ್ತು ಇಟ್ಟು ಸ್ವಲ್ಪ ಹೊತ್ತು ತೆಗೆದು. ಅಷ್ಟೇ ಮಾಡಿದ್ದು.

ನಿಜವಾದ ಕೆಲಸ ಊಟದ್ದು. ಹಲ್ಲು ಬಿಗಿದಿದ್ದರೂ ಕಟ್ಟಕಡೆಯ ದವಡೆಹಲ್ಲಿನ ಹಿಂದೆ ಒಂದು ಸಂದಿ ಇರುತ್ತದೆ. ದೊಡ್ಡ ಸಿರಿಂಜಿನ ತುದಿಗೆ ಮೆತ್ತಗಿನ ಸಣ್ಣ ಕೊಳವೆ ಸಿಕ್ಕಿಸಿ, ಕೆನ್ನೆಯ ಒಳಗೆ ಬಿಟ್ಟು ಮೆಲ್ಲಗೆ ಒತ್ತಿದರೆ ಆಹಾರ ಆ ಸಂದಿಯಿಂದ ಒಳಗೆ ಹೋಗುತ್ತದೆ. ಒಂದು ಲೋಟ ಅಂಬಲಿ ಮುಗಿಯುವಷ್ಟರಲ್ಲಿ ಸುಸ್ತಾಗುತ್ತದೆ. ಇನ್ನು ಸಾಕು ಅನಿಸುತ್ತದೆ. ಆದರೆ ಮುರಿದ ಮೂಳೆ ಕೂಡುವ ಹೊತ್ತಿಗೆ ದೇಹಕ್ಕೆ ಎಂದಿಗಿಂತ ಜಾಸ್ತಿ ಆಹಾರ ಬೇಕು. ಹಸಿವು ಆಗುವವರೆಗೆ ಕಾಯಲೇಬಾರದು. ಅಮ್ಮ ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಸಿರಿಂಜು ತರುತ್ತಿದ್ದರು. ಬೇಡ ಅಂದರೆ ಸುಮ್ನೆ ಪಕ್ಕದಲ್ಲಿ ಕೂರುತ್ತಿದ್ದರು. ಎದ್ದು ಹೋಗುತ್ತಿರಲಿಲ್ಲ.

ನಮ್ಮ ಕಡೆಯ ಅಡುಗೆ ಈ ಕಾಯಿಲೆಗೆ ಎಷ್ಟು ಒಗ್ಗುತ್ತದೆ ಅನ್ನುವುದು ಆಗ ಗೊತ್ತಾಯ್ತು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಅಂದರೆ ಅದೇ ಒಂದು ಲೋಟಕ್ಕೆ ಹೆಚ್ಚು ಹಿಟ್ಟು ಹಾಕಬಹುದು, ಆದರೂ ಕೊಳವೆ ಕಟ್ಟಿಕೊಳ್ಳುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲಿಗೆ ಹಾಲಿನ ಪುಡಿ ಬೆರೆಸುತ್ತಿದ್ದೆವು. ಹುರುಳಿಕಟ್ಟಿನ ಸಾರು ಮಾಡುವಾಗ ಕಟ್ಟಷ್ಟೇ ಬಸಿದರೆ ಸಾಲದು, ಬೆಂದ ಕಾಳನ್ನೂ ನುಣ್ಣಗೆ ರುಬ್ಬಿ ಸೋಸಬೇಕು. ಪ್ರೋಟೀನ್ ಹೆಚ್ಚಾಗಿ ಇರುವುದು ಕಾಳಿನಲ್ಲೇ. ಕೋಳಿ ಸೂಪಿಗೂ ಇದೇ ಮಾತು: ಬರೀ ನೀರಲ್ಲ, ಬೆಂದ ಮಾಂಸವೂ ಮಿಕ್ಸಿಗೆ ಹೋಗಬೇಕು. ಎಲ್ಲದಕ್ಕೂ ಒಂದು ಚಮಚ ತುಪ್ಪ. ನೋಡಲು ಬಂದವರು ಪ್ರೀತಿಯಿಂದ ಎಳನೀರು, ಜ್ಯೂಸ್ ತಂದರು. ಬಾಯಾರಿಕೆಗೆ ಅವು ಒಳ್ಳೆಯವು. ಆದರೆ ಅವುಗಳಲ್ಲೇ ಹೊಟ್ಟೆ ತುಂಬಿಸಿಕೊಂಡರೆ ತೂಕ ಇಳಿಯುತ್ತಲೇ ಹೋಗುತ್ತದೆ.

ಒಂದು ವಿಷಯ ಯಾರಾದರೂ ಮೊದಲೇ ಹೇಳಬೇಕು. ಕೆಳತುಟಿಗೆ ಸ್ಪರ್ಶ ಕೊಡುವ ನರ ಗದ್ದದ ಪಕ್ಕದಲ್ಲೇ ಮೂಳೆಯಿಂದ ಹೊರಬರುತ್ತದೆ. ಅಲ್ಲಿ ಮುರಿದರೆ ಅಥವಾ ಆಪರೇಷನ್ ಆದರೆ ತುಟಿ ಮರಗಟ್ಟುವುದುಂಟು. ನನ್ನ ತುಟಿಯ ಎಡಭಾಗಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಗಂಜಿ ಸುರಿದರೂ ತಿಳಿಯದು, ಬಿಸಿ ತಗುಲಿ ಸುಟ್ಟರೂ ತಿಳಿಯದು. ಅದಕ್ಕೇ ಪ್ರತಿ ಸಲ ಮುಂಗೈ ಮೇಲೆ ಒಂದು ಹನಿ ಹಾಕಿ ಬಿಸಿ ನೋಡುತ್ತಿದ್ದೆವು. ಎದುರಿಗೆ ಕನ್ನಡಿ, ಕೊರಳಿಗೆ ಟವಲ್, ತುಟಿ ಒಡೆಯದ ಹಾಗೆ ವ್ಯಾಸಲಿನ್. ತಂತಿಯ ಮೊನೆ ಕೆನ್ನೆಗೆ ಚುಚ್ಚಿದಾಗ ಅದರ ಮೇಲೆ ಮೆತ್ತಲು ಡೆಂಟಲ್ ವ್ಯಾಕ್ಸ್ ಸಿಗುತ್ತದೆ. ತುಂಬಾ ಅಗ್ಗ, ತುಂಬಾ ಉಪಕಾರಿ.

ತಿಂದಾಗಲೆಲ್ಲ ಬಾಯಿ ತೊಳೆಯಬೇಕು. ಉಗುರುಬೆಚ್ಚಗಿನ ಉಪ್ಪುನೀರು, ಬೆಳಿಗ್ಗೆ ರಾತ್ರಿ ಕ್ರಿಮಿ ಕೊಲ್ಲುವ ಬಾಯಿ ಮುಕ್ಕಳಿಸುವ ಔಷಧ ಕ್ಲೋರ್‌ಹೆಕ್ಸಿಡಿನ್. ಮಕ್ಕಳ ಮೆತ್ತಗಿನ ಬ್ರಷ್‌ನಲ್ಲಿ ಹಲ್ಲಿನ ಹೊರಮೈ. ಒಳಮೈಗೆ ನಾಲಿಗೆಯೇ ಗತಿ. ಕ್ಲೋರ್‌ಹೆಕ್ಸಿಡಿನ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಡೆಂಟಿಸ್ಟ್ ಹತ್ತಿರ ಕ್ಲೀನ್ ಮಾಡಿಸಿದರೆ ಹೋಗುತ್ತದೆ, ಹೆದರಬೇಕಿಲ್ಲ. ಹೊಲಿಗೆ ಹಾಕಿದ ಜಾಗ ಕೊಳೆಯಾಗದೆ ಇರುವುದು ಮುಖ್ಯ.

ಅತ್ತದ್ದು ಒಂದೇ ದಿನ. ಪಕ್ಕದ ಮನೆಯಿಂದ ಇಂಗು ಸಾಸಿವೆ ಒಗ್ಗರಣೆಯ ವಾಸನೆ ಬಂತು. ಬಾಯಲ್ಲಿ ನೀರೂರಿತು. ನೋವು ಇರಲಿಲ್ಲ, ಹೊಟ್ಟೆಯೂ ತುಂಬಿತ್ತು. ಆದರೂ ಏನನ್ನಾದರೂ ಅಗಿಯಬೇಕು ಅನ್ನುವ ಆಸೆ ತಡೆಯಲಾಗಲಿಲ್ಲ. ಅಮ್ಮ ಮರುದಿನದಿಂದ ನನ್ನ ಸೋಸಿದ ಸಾರಿಗೂ ಒಗ್ಗರಣೆ ಕೊಟ್ಟು, ಸಾಸಿವೆ ಕರಿಬೇವು ಸೋಸಿ ತೆಗೆಯುತ್ತಿದ್ದರು. ಪರಿಮಳ ಉಳಿಯುತ್ತಿತ್ತು. ಅದರಿಂದ ಎಷ್ಟು ಧೈರ್ಯ ಬಂತು ಅಂತ ಅವರಿಗೆ ಹೇಳಿದ್ದೇನೆ.

ಕೀಲಿನ ಹತ್ತಿರ ಮುರಿದಿದ್ದರೆ ಬಾಯಿಯನ್ನು ಬಹಳ ದಿನ ಕಟ್ಟಿಡುವುದಿಲ್ಲ, ಕೀಲು ಬಿಗಿದುಕೊಳ್ಳುವ ಅಪಾಯ ಇದೆ. ಹಾಗಾಗಿ ತಂತಿ ಬಿಚ್ಚಿ, ಅದರ ಬದಲು ಸಣ್ಣ ರಬ್ಬರ್ ಬ್ಯಾಂಡ್ ಹಾಕಿದರು. ಆದರೆ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ತೆರೆದಾಗ ಗದ್ದ ಮುರಿದ ಕೀಲಿನ ಕಡೆಗೇ, ಬಲಕ್ಕೆ, ವಾಲುತ್ತಿತ್ತು. ಕನ್ನಡಿ ಮುಂದೆ ಕೂತು, ಕೈಯಿಂದ ಗದ್ದ ಹಿಡಿದು ನೇರಕ್ಕೆ ತೆರೆಯುವ ಅಭ್ಯಾಸ. ಹಲ್ಲಿನ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಇಡಬೇಕು, ಕೆಲವು ದಿನಕ್ಕೊಮ್ಮೆ ಇನ್ನೊಂದು ಸೇರಿಸಬೇಕು. ಕಣ್ಣಲ್ಲಿ ನೀರು ಬರುತ್ತದೆ. ಇದನ್ನು ಬಿಡುವವರು ಇದ್ದಾರೆ, ಆಮೇಲೆ ಕಷ್ಟಪಡುತ್ತಾರೆ.

ಬಾಯಿ ಸ್ವಲ್ಪ ತೆರೆದ ದಿನ ಅಮ್ಮ ಮೆತ್ತಗೆ ಮುದ್ದೆ ಕಟ್ಟಿದರು. ಮುದ್ದೆಯನ್ನು ಅಗಿಯುವಂತಿಲ್ಲವಲ್ಲ, ನುಂಗುವುದು. ಕಡಲೆಕಾಯಿಯಷ್ಟು ಸಣ್ಣ ತುತ್ತು ಮಾಡಿ, ಸಾರಲ್ಲಿ ಅದ್ದಿ ಕೊಟ್ಟರು. ಡಾಕ್ಟರನ್ನು ಕೇಳಿದ್ದೆವು, ಹಲ್ಲಿಗೆ ಕೆಲಸ ಕೊಡದಿದ್ದರೆ ಸರಿ ಅಂದಿದ್ದರು. ಮುಕ್ಕಾಲು ಗಂಟೆ ತಗೊಂಡು ಪೂರ್ತಿ ತಿಂದೆ.

ಪ್ಲೇಟು ತೊಂದರೆ ಕೊಡದಿದ್ದರೆ ಹಾಗೇ ಇರುತ್ತದೆ. ತುಟಿಯಲ್ಲಿ ಇರುವೆ ಹರಿದಂತೆ ಜುಮುಗುಡಲು ಶುರುವಾಗಿದೆ, ನರ ಚೇತರಿಸಿಕೊಳ್ಳುವ ಲಕ್ಷಣ ಅದು. ಬಾಯಿಯೊಳಗೆ ನನ್ನ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸಬೇಕು, ಈಗ ಎರಡು ಹಿಡಿಸುತ್ತವೆ. ಕಡ್ಡಿಗಳನ್ನು ಇನ್ನೂ ಬಿಟ್ಟಿಲ್ಲ.