ಅಮ್ಮ ಆಸ್ಪತ್ರೆ ಸೇರಿದ್ರೆ ಮಗಳ ಸಂಬಳ ಕಟ್

ತುಮಕೂರಲ್ಲಿ ಮನೇಲೇ ಕೂತು ಅಮೆರಿಕದ ಹೋಂ ಕೇರ್ ಏಜೆನ್ಸಿಗಳ ಟೈಮ್‌ಶೀಟ್ ಚೆಕ್ ಮಾಡೋದು ನನ್ನ ಕೆಲಸ. ಅಲ್ಲಿ ಬಡವರಿಗೆ ಮೆಡಿಕೇಯ್ಡ್ ಅಂತ ಸರ್ಕಾರಿ ಯೋಜನೆ ಇದೆ, ಅದರಲ್ಲಿ ಎಷ್ಟೋ ರಾಜ್ಯಗಳು ಕೈಲಾಗದ ತಾಯಿನ ಮನೇಲಿ ನೋಡ್ಕೊಳ್ಳೋ ಮಗಳಿಗೇ ಗಂಟೆ ಲೆಕ್ಕದಲ್ಲಿ ಸಂಬಳ ಕೊಡ್ತವೆ. ನಮ್ಮ ಕಡೆ ಇದನ್ನ ಹೇಳಿದ್ರೆ "ಹೆತ್ತೋಳನ್ನ ನೋಡ್ಕೊಳ್ಳಕ್ಕೂ ಕೂಲಿನಾ" ಅಂತಾರೆ, ಇರ್ಲಿ.

ಆದ್ರೆ ತಾಯಿ ಆಸ್ಪತ್ರೇಲಿ ಅಡ್ಮಿಟ್ ಆದ್ರೆ ಸಾಮಾನ್ಯವಾಗಿ ಆ ಸಂಬಳ ನಿಂತೋಗತ್ತೆ. ಊಟ ಮಾಡ್ಸೋದು, ಮೈ ಒರೆಸೋದು ಎಲ್ಲ ಈಗ ಆಸ್ಪತ್ರೆಯವರ ಕೆಲಸ, ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ಕೊಡಲ್ಲ ಅನ್ನೋದು ಲೆಕ್ಕ. ಕಾಗದದ ಮೇಲೆ ಸರಿನೇ, ಆದ್ರೆ ಮರೆವಿನ ಕಾಯಿಲೆ ಇರೋ ಅಮ್ಮ ಬೇರೆಯವರ ಕೈಯಲ್ಲಿ ತುತ್ತು ತಗೊಳಲ್ಲ, ಹಂಗಾಗಿ ಮಗಳು ಇಡೀ ದಿನ ಹಾಸಿಗೆ ಪಕ್ಕದಲ್ಲೇ ಇರ್ತಾಳೆ, ಬೇರೆ ಕೆಲಸ ಬಿಟ್ಟೇ ಇದಕ್ಕೆ ಬಂದಿರ್ತಾಳೆ, ಮನೆ ಬಾಡಿಗೆ ಮಾತ್ರ ನಿಲ್ಲಲ್ಲ. 2020ರಲ್ಲಿ ಕೋವಿಡ್ ಟೈಮಲ್ಲಿ ಬಂದ ಕೇರ್ಸ್ ಆಕ್ಟ್ ಅನ್ನೋ ಅಮೆರಿಕದ ಕಾನೂನು ಆಸ್ಪತ್ರೆ ಒಳಗೂ ಇಂಥವರ ಸಹಾಯಕ್ಕೆ ದುಡ್ಡು ಕೊಡಬಹುದು ಅಂತು, ಆದ್ರೆ ಆಸ್ಪತ್ರೆಯವರು ಮಾಡಲೇಬೇಕಾದ ಕೆಲಸಕ್ಕೆ ಬದಲಿ ಆಗಂಗಿಲ್ಲ, ಮತ್ತೆ ಕೊಡೋದು ಬಿಡೋದು ರಾಜ್ಯಕ್ಕೆ ಬಿಟ್ಟಿದ್ದು.

ಟೀಮಿಗೆ ಹೊಸದಾಗಿ ಬಂದವರು ಮಾಡೋದೇನಂದ್ರೆ ಆಸ್ಪತ್ರೆ ತಾರೀಕು ಕಂಡ ತಕ್ಷಣ ಸೇರಿದ ದಿನ, ಬಿಟ್ಟ ದಿನ ಎರಡನ್ನೂ ಸೊನ್ನೆ ಮಾಡಿಬಿಡ್ತಾರೆ. ನಾನು ಅವರಿಗೆ ಮೊದಲು ಹೇಳ್ಕೊಡೋದು ಟೈಮ್ ಕೇಳ್ರಪ್ಪ ಅಂತ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೀಗೆ ಮನೇಲಿ ನೋಡ್ಕೊಳ್ಳೋರಿಗೆ ಸಂಬಳ ಕೊಡೋ ಐಎಚ್‌ಎಸ್‌ಎಸ್ ಅನ್ನೋ ಯೋಜನೇಲಿ ಅಡ್ಮಿಟ್ ಆಗೋಕೆ ಮುಂಚೆ, ಡಿಸ್ಚಾರ್ಜ್ ಆಗಿ ಮನೆಗೆ ಬಂದ್ಮೇಲೆ ಮಾಡಿದ ಗಂಟೆಗಳಿಗೆ ದುಡ್ಡು ಸಿಗತ್ತೆ. ಡಿಸ್ಚಾರ್ಜ್ ದಿನಾನೇ ಕೆಲಸ ಜಾಸ್ತಿ, ಹೊಸ ಮಾತ್ರೆ ಚೀಟಿ, ಎದ್ದು ನಿಲ್ಲಕ್ಕಾಗದ ಅಮ್ಮ, ಒಗೆಯೋ ಬಟ್ಟೆ. ಅಲ್ಲಿ ಶೀಟು 1ರಿಂದ 15, 16ರಿಂದ ತಿಂಗಳ ಕೊನೆ ಅಂತ ಎರಡು ಭಾಗ, 14ಕ್ಕೆ ಸೇರಿ 18ಕ್ಕೆ ಬಂದ್ರೆ ಎರಡೂ ಸಂಬಳಕ್ಕೆ ಕತ್ತರಿ. ಇನ್ನು ಗೊತ್ತಿಲ್ದೆ ಮಧ್ಯದ ದಿನಗಳನ್ನೂ ತುಂಬಿದ್ರೆ ಆಮೇಲೆ ವಾಪಸ್ ಕೊಡಿ ಅಂತ ಪತ್ರ ಬರತ್ತೆ, ಬೇಕಂತ ತುಂಬಿದ್ದು ಅನ್ಸಿದ್ರೆ ವಂಚನೆ ಕೇಸು. ಅದಕ್ಕೇ ಅಡ್ಮಿಟ್ ಆದ ದಿನಾನೇ ತಿಳಿಸಿ ಅಂತ ಎಲ್ಲರಿಗೂ ಮೊದಲೇ ಮೆಸೇಜ್ ಹಾಕಿಸ್ತೀನಿ.

ಇಲ್ಲೇನು ಕಮ್ಮಿ ಇಲ್ಲ. ನಮ್ಮ ಚಿಕ್ಕಮ್ಮ ಅವರತ್ತೇನ ನೋಡ್ಕೊಳ್ತಾರೆ ಅಂತ ಬೆಂಗಳೂರಿನ ಮೈದುನಂದಿರು ಇಬ್ರೂ ತಿಂಗಳಿಗಿಷ್ಟು ಅಂತ ಹಾಕ್ತಿದ್ರು. ಅಜ್ಜಿ ಸೊಂಟ ಮುರ್ಕೊಂಡು ಅಡ್ಮಿಟ್ ಆದ ತಿಂಗಳು "ಆಸ್ಪತ್ರೆ ಬಿಲ್ಲೇ ಕಟ್ತಿದೀವಲ್ಲ ಅತ್ತಿಗೆ" ಅಂತ ನಿಲ್ಸಿಬಿಟ್ರು. ನಮ್ಮ ವಾರ್ಡುಗಳಲ್ಲಿ ಬೆಡ್‌ಪ್ಯಾನ್ ಇಡೋದರಿಂದ ಹಿಡಿದು ಮಾತ್ರೆ ತರೋ ತನಕ ಮನೆಯವರೇ ತಾನೆ, ಚಿಕ್ಕಮ್ಮ ರಾತ್ರಿ ಮಂಚದ ಕೆಳಗೆ ಚಾಪೆ ಹಾಕ್ಕೊಂಡು ಮಲಗ್ತಿದ್ರು. ನಾನೇ ಇಬ್ರಿಗೂ ಫೋನ್ ಮಾಡಿ ಬಿಲ್ಲು ಬೇರೆ ಇದು ಬೇರೆ ಅಂದೆ. ಒಬ್ರು ಅವತ್ತೇ ಕಳಿಸಿದ್ರು, ಇನ್ನೊಬ್ರು ನೋಡಣ ಅಂದವರು ಇನ್ನೂ ನೋಡ್ತಾನೇ ಇದಾರೆ.