ಜೀನ್ ಇಳಿದಿದೆ ಎಂದು ಬರೆಯುವ ಮೊದಲು

ವಿಕಿರಣ ತಗುಲಿದ ರಕ್ತದಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವುದು ನನ್ನ ಕೆಲಸ. ದಾನಿಗಳು ಕೊಟ್ಟ ರಕ್ತವನ್ನು ಟ್ಯೂಬಿನಲ್ಲೇ ಎಕ್ಸ್‌-ರೇಗೆ ಒಡ್ಡುತ್ತೇವೆ. ಅರ್ಧ ಗ್ರೇ, 1, 2, 4 ಗ್ರೇ, ಹೀಗೆ (ಗ್ರೇ ಅಂದರೆ ವಿಕಿರಣದ ಡೋಸ್ ಅಳೆಯುವ ಮಾನ). ಒಂದು ಟ್ಯೂಬಿಗೆ ಏನೂ ಕೊಡುವುದಿಲ್ಲ, ಅದು ಹೋಲಿಕೆಗೆ. ಆಮೇಲೆ 37 ಡಿಗ್ರಿಯಲ್ಲಿ ಇಟ್ಟು, ಗೊತ್ತುಮಾಡಿದ ಹೊತ್ತಿಗೆ ಆರ್‌ಎನ್‌ಎ (ಜೀನ್ ಚುರುಕಾದಾಗ ಕೋಶ ತಯಾರಿಸುವ ಅದರ ನಕಲು) ತೆಗೆದು ಕ್ಯೂಪಿಸಿಆರ್ ಮಾಡುತ್ತೇವೆ, ಅಂದರೆ ಆ ನಕಲನ್ನು ಸೈಕಲ್ ಸೈಕಲ್‌ಗೆ ದುಪ್ಪಟ್ಟು ಮಾಡುತ್ತ ಮೊದಲು ಎಷ್ಟಿತ್ತು ಎಂದು ಅಳೆಯುತ್ತೇವೆ. ಇಷ್ಟನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಕಷ್ಟ ಇರುವುದು ಬಂದ ಸಂಖ್ಯೆಯನ್ನು ಓದುವುದರಲ್ಲಿ.

ಇದೆಲ್ಲ ಯಾಕೆ ಬೇಕು ಅಂದರೆ, 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಕೈಬಿಟ್ಟ ಕ್ಯಾನ್ಸರ್ ಚಿಕಿತ್ಸಾ ಯಂತ್ರದ ಸೀಸಿಯಂ-137 ಜನರ ಕೈಗೆ ಸಿಕ್ಕಿತು. 4 ಜನ ಸತ್ತರು. ತಪಾಸಣೆಗೆ ಬಂದವರು ಲಕ್ಷಕ್ಕೂ ಜಾಸ್ತಿ, ಅವರಲ್ಲಿ ಮೈಗೆ ವಿಕಿರಣ ವಸ್ತು ಅಂಟಿದ್ದವರು 249. ಅಂಥ ಗುಂಪಿನಲ್ಲಿ ಯಾರಿಗೆ ಎಷ್ಟು ಡೋಸ್ ತಗುಲಿದೆ ಎಂದು ಬೇಗ ತಿಳಿಯಬೇಕು. ಹಳೆಯ, ನಂಬಿಕೆಯ ದಾರಿ ಡೈಸೆಂಟ್ರಿಕ್ ಕ್ರೋಮೋಸೋಮ್‌ಗಳನ್ನು, ಅಂದರೆ ಮುರಿದು ತಪ್ಪಾಗಿ ಬೆಸೆದುಕೊಂಡವನ್ನು, ಎಣಿಸುವುದು. ಆದರೆ ಅವು ಕೋಶ ವಿಭಜನೆಯಾಗುವಾಗ ಮಾತ್ರ ಕಾಣುತ್ತವೆ, ರಕ್ತದಲ್ಲಿರುವ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಸುಮ್ನೆ ಇರುವ ಕೋಶಗಳು. ಅವನ್ನು ವಿಭಜನೆಗೆ ಎಬ್ಬಿಸಲು ಸುಮಾರು 48 ಗಂಟೆ ಬೆಳೆಸಬೇಕು. ಜೀನ್ ಪರೀಕ್ಷೆಯ ಉತ್ತರ ಅದೇ ದಿನ ಸಿಗುತ್ತದೆ. ನನಗೆ ಈ ಕೆಲಸದ ಮೇಲೆ ಇಷ್ಟೊಂದು ಪ್ರೀತಿ ಇರುವುದು ಅದಕ್ಕೇ.

ಕೋಶದೊಳಗೆ ನಡೆಯುವುದು ಹೀಗೆ. ವಿಕಿರಣ ಡಿಎನ್‌ಎಯ ಎರಡೂ ಎಳೆಗಳನ್ನು ಕಡಿದಾಗ ಎಟಿಎಂ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಪಿ53 ಪ್ರೋಟೀನ್ ಮಾಮೂಲಿ ದಿನಗಳಲ್ಲೂ ತಯಾರಾಗುತ್ತಲೇ ಇರುತ್ತದೆ, ಆದರೆ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಕೂಡಲೇ ನಾಶದ ದಾರಿಗೆ ಕಳಿಸುತ್ತದೆ. ಎಟಿಎಂ ಇದನ್ನು ತಡೆಯುತ್ತದೆ. ಆಗ ಪಿ53 ಕೋಶದಲ್ಲಿ ಶೇಖರವಾಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ವಿಭಜನೆ ನಿಲ್ಲಿಸುವ ಸಿಡಿಕೆಎನ್1ಎ, ರಿಪೇರಿಯ ಡಿಡಿಬಿ2 ಮತ್ತು ಎಕ್ಸ್‌ಪಿಸಿ, ಕೋಶವನ್ನು ಸಾವಿಗೆ ತಳ್ಳುವ ಬ್ಯಾಕ್ಸ್, ನಾವೆಲ್ಲ ನೆಚ್ಚಿಕೊಂಡಿರುವ ಎಫ್‌ಡಿಎಕ್ಸ್‌ಆರ್. ಇದೇ ಪಿ53 ಎಂಡಿಎಂ2ವನ್ನೂ ಚಾಲೂ ಮಾಡುತ್ತದೆ! ಅಂದರೆ ತನ್ನ ಕಡಿವಾಣವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೇ ಸಂಕೇತ ಏರುತ್ತದೆ, ಇಳಿಯುತ್ತದೆ. ಒಂದೊಂದು ಜೀನ್‌ಗೆ ಒಂದೊಂದು ಹೊತ್ತು. ಸಿಡಿಕೆಎನ್1ಎ ಕೆಲವೇ ಗಂಟೆಗಳಲ್ಲಿ ಮೇಲೇಳುತ್ತದೆ. ಎಫ್‌ಡಿಎಕ್ಸ್‌ಆರ್ 24 ಗಂಟೆ ಕಳೆದರೂ ಚೆನ್ನಾಗಿ ಕಾಣುತ್ತದೆ. ಒಡ್ಡಿಕೊಂಡು ಎಷ್ಟು ಗಂಟೆಯಾಯಿತು ಎಂದು ಗೊತ್ತಿಲ್ಲದ ಸ್ಯಾಂಪಲ್‌ನಿಂದ ಡೋಸ್ ಹೇಳಲು ನಾನು ಒಪ್ಪುವುದಿಲ್ಲ.

ಈಗ ಮುಖ್ಯ ವಿಷಯ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಸಂಜೆ ಸ್ಕ್ರೀನ್ ತೋರಿಸಿ ಕೇಳಿದಳು. ಕ್ಯೂಪಿಸಿಆರ್ ಗ್ರಾಫಿನಲ್ಲಿ ಎಫ್‌ಡಿಎಕ್ಸ್‌ಆರ್‌ನ ಗೆರೆಗಳು ಡೋಸ್ ಹೆಚ್ಚಿದಂತೆ ಎಡಕ್ಕೆ ಸರಿದಿದ್ದವು. ಎಡಕ್ಕೆ ಒಂದು ಸೈಕಲ್ ಸರಿದರೆ ಆರ್‌ಎನ್‌ಎ ಹೆಚ್ಚುಕಮ್ಮಿ ಎರಡು ಪಟ್ಟು, ಮೂರು ಸೈಕಲ್ ಅಂದರೆ ಎಂಟು ಪಟ್ಟು. ವಿಕಿರಣಕ್ಕೆ ಬದಲಾಗದ ಹೋಲಿಕೆಯ ಜೀನ್‌ನ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಎಂಎಸ್‌4ಎ1 ಎಂಬ ಇನ್ನೊಂದು ಜೀನ್‌ನ ಗೆರೆಗಳು ಮಾತ್ರ ಬಲಕ್ಕೆ ಜಾರಿದ್ದವು.

“ಮೇಡಂ, ಡೋಸ್ ಜಾಸ್ತಿ ಆದಷ್ಟೂ ಇದು ಇಳೀತಾ ಇದೆ. ವಿಕಿರಣ ಈ ಜೀನನ್ನ ಆಫ್ ಮಾಡ್ತಿದೆ ಅಲ್ವಾ?”

“ಬಿ ಕೋಶಗಳು ಎಷ್ಟು ಉಳಿದಿವೆ ಅಂತ ನೋಡಿದ್ಯಾ?”

ನೋಡಿರಲಿಲ್ಲ. ಅದೇ ರಕ್ತದ ಇನ್ನೊಂದು ಪಾಲನ್ನು ಕೋಶಗಳನ್ನು ಜಾತಿವಾರು ಎಣಿಸುವ ಫ್ಲೋ ಸೈಟೊಮೀಟರ್‌ಗೆ ಹಾಕಿದಾಗ ಕಾರಣ ಕಂಡಿತು. ಎಂಎಸ್‌4ಎ1 ಬಿ ಕೋಶಗಳ ಗುರುತಿನ ಜೀನ್. ಲಿಂಫೋಸೈಟ್‌ಗಳಲ್ಲೇ ಬಿ ಕೋಶಗಳು ವಿಕಿರಣಕ್ಕೆ ಬಹಳ ಬೇಗ ಸೋಲುತ್ತವೆ. ಜೀನ್ ಸುಮ್ಮನಾಗಿರಲಿಲ್ಲ, ಅದನ್ನು ಓದುವ ಕೋಶಗಳೇ ಕಡಿಮೆಯಾಗಿದ್ದವು.

ನಾವು ಅಳೆಯುವುದು ಇಡೀ ರಕ್ತದ ಆರ್‌ಎನ್‌ಎಯನ್ನು. ಅದರಲ್ಲಿ ನ್ಯೂಟ್ರೊಫಿಲ್, ಟಿ ಕೋಶ, ಬಿ ಕೋಶ, ಮೊನೊಸೈಟ್, ಹೀಗೆ ಬೇರೆಬೇರೆ ಜಾತಿಯ ಬಿಳಿ ರಕ್ತಕಣ ಎಲ್ಲವೂ ಸೇರಿವೆ. ಒಂದು ಜಾತಿ ಕಡಿಮೆಯಾದರೆ ಅದರ ಜೀನ್‌ಗಳು ಇಳಿದಂತೆ ಕಾಣುತ್ತವೆ. ಉಳಿದವುಗಳ ಜೀನ್‌ಗಳು ಏನೂ ಬದಲಾಗದೆಯೇ ಏರಿದಂತೆ ಕಾಣುತ್ತವೆ. ಮನುಷ್ಯನ ಮೈಯಲ್ಲಿ ಇದು ಇನ್ನೂ ತೊಡಕು. ದೊಡ್ಡ ಡೋಸ್ ತಗುಲಿದ ಮೊದಲ ದಿನ ಲಿಂಫೋಸೈಟ್ ಬೀಳುತ್ತದೆ, ನ್ಯೂಟ್ರೊಫಿಲ್ ಸ್ವಲ್ಪ ಕಾಲ ಏರುವುದೂ ಉಂಟು. ಲಿಂಫೋಸೈಟ್ ಎಷ್ಟು ವೇಗವಾಗಿ ಬೀಳುತ್ತಿದೆ ಎಂದು ನೋಡಿ ವೈದ್ಯರು ಡೋಸ್ ಅಂದಾಜು ಮಾಡುತ್ತಾರೆ. ಹಾಗಾಗಿ ಆ ಇಳಿತವೂ ಬೆಲೆಯುಳ್ಳ ಮಾಹಿತಿಯೇ. ಆದರೆ ಅದನ್ನು “ಜೀನ್ ಚಟುವಟಿಕೆ ಕುಗ್ಗಿದೆ” ಎಂದು ವರದಿಯಲ್ಲಿ ಬರೆದರೆ ಓದುವವರನ್ನು ದಾರಿ ತಪ್ಪಿಸಿದಂತೆ. ನನ್ನ ಮಟ್ಟಿಗೆ, ಪಿ53ರಿಂದ ಏರಿದ ಜೀನ್‌ಗಳನ್ನು ಮೊದಲು ನೋಡುತ್ತೇನೆ. ಇಳಿದವನ್ನು ಕೋಶಗಳ ಲೆಕ್ಕ ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ.

ಏರಿದ್ದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಡಾಕ್ಸೊರುಬಿಸಿನ್‌ನಂಥ ಕೀಮೊ ಔಷಧಿಯೂ ಡಿಎನ್‌ಎ ಕಡಿದು ಪಿ53 ಎಬ್ಬಿಸುತ್ತದೆ. ಜಿಡಿಎಫ್15 ಎಂಬ ಜೀನ್ ವಿಕಿರಣಕ್ಕೂ ಏರುತ್ತದೆ, ಬೇರೆ ಕಾಯಿಲೆಗಳಲ್ಲೂ ಏರುತ್ತದೆ. ಒಂದೇ ಜೀನ್ ಹಿಡಿದು ಕೂರದೆ ಕೆಲವನ್ನು ಒಟ್ಟಿಗೆ ನೋಡುವುದು ಇದಕ್ಕೇ.

ರಕ್ತ ತೆಗೆಯುವವರಿಗೂ ಒಂದು ಮಾತು. ಟ್ಯೂಬಿನಲ್ಲಿರುವ ರಕ್ತ ಇನ್ನೂ ಜೀವಂತ. ಬೆಚ್ಚಗಿದ್ದರೆ ಕೋಶಗಳು ಜೀನ್‌ಗಳನ್ನು ಏರಿಸುತ್ತ, ಇಳಿಸುತ್ತಲೇ ಇರುತ್ತವೆ. ಫ್ರಿಜ್‌ನಲ್ಲಿಟ್ಟರೆ ಆ ಕೆಲಸ ಕುಂಟುತ್ತದೆ. ಎರಡೂ ನಮ್ಮ ಸಂಖ್ಯೆಯನ್ನು ಕೆಡಿಸುತ್ತವೆ. ಆರ್‌ಎನ್‌ಎಯನ್ನು ಇದ್ದ ಹಾಗೇ ಹಿಡಿದಿಡುವ ದ್ರವ ಇರುವ ಟ್ಯೂಬ್ ಬಳಸಿದರೆ ತುಂಬಿದ ಕೂಡಲೇ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಹಾಗೆ ಮಾಡದಿದ್ದರೆ ದ್ರವ ರಕ್ತದೊಂದಿಗೆ ಸರಿಯಾಗಿ ಬೆರೆಯುವುದಿಲ್ಲ.

ನಮ್ಮ ಸ್ಯಾಂಪಲ್ ಫಾರಂನಲ್ಲಿ ಈಗ ಒಡ್ಡಿಕೊಂಡ ಹೊತ್ತು, ರಕ್ತ ತೆಗೆದ ಹೊತ್ತು, ಬಿಳಿ ರಕ್ತಕಣಗಳ ವಿವರವಾದ ಎಣಿಕೆ, ಇತ್ತೀಚಿನ ಔಷಧಿ ಮತ್ತು ಜ್ವರ, ಇಷ್ಟಕ್ಕೂ ಜಾಗ ಇದೆ. ಯಾವುದಾದರೂ ಖಾಲಿ ಇದ್ದರೆ ಯಂತ್ರಕ್ಕೆ ಹಾಕುವ ಮೊದಲೇ ಕಳಿಸಿದವರಿಗೆ ಫೋನ್ ಮಾಡುತ್ತೇವೆ.